ಸೀಟಿ, ಸಾಬ್ ಮತ್ತು ಬಿದ್ರಿ ಹೂಜಿ

ಆಗಸ್ಟ್ 15 ಹತ್ತಿರ ಬಂತೆಂದರೆ ಬೀದರಿನ ಫ್ಲೆಕ್ಸ್ ಅಂಗಡಿಗಳಲ್ಲಿ ವಿಮಾನಕ್ಕೆ ಬೇಡಿಕೆ. ವಾಯುಪಡೆಯ ನೆಲೆ ಇರುವ ಊರು, ಮುಖ್ಯ ಅತಿಥಿ ಅಲ್ಲಿಂದಲೇ ಬರುವವರು, ಬ್ಯಾನರಿನ ಮೂಲೆಯಲ್ಲಿ ಒಂದು ವಿಮಾನ ಹಾರದಿದ್ದರೆ ಚೆಂದವೇ? ಡಿಸೈನ್ ಮಾಡುವ ಹುಡುಗ ಮೊಬೈಲಿನಲ್ಲಿ ಹುಡುಕಿ, ಎಲ್ಲಕ್ಕಿಂತ ಚೂಪಾಗಿ ಕಂಡದ್ದನ್ನು ಎತ್ತಿಕೊಳ್ಳುತ್ತಾನೆ. ಅದು ಬಹಳ ಸಲ ಎಫ್-16 ಆಗಿರುತ್ತದೆ. ನಮ್ಮ ವಾಯುಪಡೆಯಲ್ಲಿ ಅಂಥದ್ದು ಒಂದೂ ಇಲ್ಲ. ಪಾಕಿಸ್ತಾನದ ಹತ್ತಿರ ಇದೆ. ಅತಿಥಿಗಳು ವೇದಿಕೆ ಹತ್ತಿ, ತಲೆ ಎತ್ತಿ, ಕೆಮ್ಮಿ, ಕೂತುಕೊಳ್ಳುತ್ತಾರೆ.

ತಪ್ಪು ಹಿಡಿಯುವುದು ಸುಲಭ. ಗಾಳಿ ಎಳೆಯುವ ಬಾಯಿ ಹೊಟ್ಟೆಯ ಕೆಳಗೆ ಒಂದೇ ಇದ್ದರೆ ಆ ಚಿತ್ರ ಬಿಟ್ಟುಬಿಡಿ. ಬೀದರಿನ ಆಕಾಶದಲ್ಲಿ 2008ರಿಂದ ಹಾರುತ್ತಿರುವ ಹಾಕ್ ತರಬೇತಿ ವಿಮಾನಕ್ಕೆ ಎರಡೂ ಪಕ್ಕೆಗೆ ಒಂದೊಂದು ಬಾಯಿ. ಒಳಗೆ ಹಿಂದೆ ಮುಂದೆ ಎರಡು ಸೀಟು, ಹಿಂದಿನದು ತುಸು ಎತ್ತರ, ಯಾಕೆಂದರೆ ಹಿಂದೆ ಕೂತ ಗುರುವಿಗೆ ಶಿಷ್ಯನ ತಲೆಯಾಚೆಗಿನ ರನ್‌ವೇ ಕಾಣಬೇಕು. ರೆಕ್ಕೆಯ ಮೇಲಿನ ದುಂಡನೆಯ ಗುರುತಿನಲ್ಲಿ ನಡುವೆ ಹಸಿರು, ಸುತ್ತ ಬಿಳಿ, ಹೊರಗೆ ಕೇಸರಿ. ಇಷ್ಟು ನೋಡಿ ಪ್ರಿಂಟಿಗೆ ಕೊಟ್ಟರೆ ಫ್ಲೆಕ್ಸಿನ ದುಡ್ಡು ದಂಡವಾಗುವುದಿಲ್ಲ. ಕೆಂಪು-ಬಿಳಿ ಬಣ್ಣದ ಹಾಕ್ ಸಿಕ್ಕರಂತೂ ಕಣ್ಣು ಮುಚ್ಚಿ ಹಾಕಿ. ಅದು ಸೂರ್ಯಕಿರಣ ತಂಡದ್ದು: 1996ರಲ್ಲಿ ಬೀದರಿನಲ್ಲೇ ಹುಟ್ಟಿ, ಮೊದಲು ಕಿರಣ್ ವಿಮಾನದಲ್ಲಿ ಹಾರಿ, 2011ರಲ್ಲಿ ನಿಂತು, 2015ರಲ್ಲಿ ಹಾಕ್ ಏರಿ ಮತ್ತೆ ಬಂದದ್ದು.

ಫ್ಲೆಕ್ಸಿನ ನಂತರದ ಗಂಡಾಂತರ ಮೈಕು. ನಿರೂಪಕರು ಉಸಿರು ಉಳಿಸಲು "ಗ್ರೂಪ್ ಕ್ಯಾಪ್ಟನ್" ಎಂಬಲ್ಲಿ "ಗ್ರೂಪ್" ನುಂಗಿ "ಕ್ಯಾಪ್ಟನ್ ಸಾಹೇಬ್ರು" ಎನ್ನುತ್ತಾರೆ. ಗ್ರೂಪ್ ಕ್ಯಾಪ್ಟನ್ ಎಂದರೆ ಭೂಸೇನೆಯ ಕರ್ನಲ್‌ಗೆ ಸಮ. ಬರೀ ಕ್ಯಾಪ್ಟನ್ ಎಂದರೆ ಭೂಸೇನೆಯಲ್ಲಿ ಮೇಜರ್‌ಗಿಂತ, ಲೆಫ್ಟಿನೆಂಟ್ ಕರ್ನಲ್‌ಗಿಂತ ಕೆಳಗೆ. ಒಂದು ಶಬ್ದ ನುಂಗಿದ್ದಕ್ಕೆ ಶಾಲು ಹೊದಿಸುವ ಮೊದಲೇ ಮೂರು ಮೆಟ್ಟಿಲು ಹಿಂಬಡ್ತಿ. ಇದಕ್ಕೆ ವಿರುದ್ಧವೂ ನಡೆಯುತ್ತದೆ. ಪಟ್ಟಿ ಎಣಿಸಿ ಹುದ್ದೆ ಹೇಳುವ ಜಾಣರು ಮೂರು ಪಟ್ಟಿ ಕಂಡೊಡನೆ "ವಿಂಗ್ ಕಮಾಂಡರ್" ಎಂದುಬಿಡುತ್ತಾರೆ. ಪಟ್ಟಿ ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಭುಜದ ಮೇಲೆ ಅಡ್ಡಡ್ಡ ಮೂರಿದ್ದರೆ ವಿಂಗ್ ಕಮಾಂಡರ್, ನಾಲ್ಕಿದ್ದರೆ ಗ್ರೂಪ್ ಕ್ಯಾಪ್ಟನ್. ತೋಳಿನ ಮೇಲೆ ಬಾಣದ ತುದಿಯ ಹಾಗೆ ಮಡಚಿಕೊಂಡ ಮೂರಿದ್ದರೆ ಸಾರ್ಜೆಂಟ್, ಎರಡಿದ್ದರೆ ಕಾರ್ಪೊರಲ್. ಸಾರ್ಜೆಂಟನ್ನು ವಿಂಗ್ ಕಮಾಂಡರ್ ಮಾಡಿದರೆ ಅವರು ಖುಷಿಪಡುತ್ತಾರೆ ಎಂದುಕೊಳ್ಳಬೇಡಿ. ಅವರ ನಿಜವಾದ ವಿಂಗ್ ಕಮಾಂಡರ್ ಮುಂದಿನ ಸಾಲಿನಲ್ಲೇ ಕೂತಿರಬಹುದು.

ಊರಿಗೆ ಇನ್ನೊಂದು ನಂಬಿಕೆ: ಚಿದ್ರಿ ರಸ್ತೆಯ ಕಡೆಯಿಂದ ಬರುವ ಗಿಡ್ಡ ಕೂದಲಿನವರೆಲ್ಲ ಪೈಲಟ್‌ಗಳು. "ವಿಮಾನ ನೀವೇ ಓಡಸ್ತೀರೇನ್ರಿ ಸಾಬ್?" ಎಂದು ಕಟಿಂಗ್ ಅಂಗಡಿಯಲ್ಲಿ ಕೇಳಿಸಿಕೊಂಡವರು ಬಹುಮಟ್ಟಿಗೆ ಎಂಜಿನ್ ಬಿಚ್ಚುವವರು, ರೇಡಿಯೋ ನೋಡುವವರು, ಲೆಕ್ಕ ಬರೆಯುವವರು, ಗಾಡಿ ಓಡಿಸುವವರು. ಒಬ್ಬ ಹಾರಬೇಕಾದರೆ ನೆಲದ ಮೇಲೆ ಹಲವರು ಎಣ್ಣೆಕೈ ಮಾಡಿಕೊಳ್ಳಬೇಕು. ಅದನ್ನು ವಿವರಿಸುವಷ್ಟರಲ್ಲಿ ಮಷೀನು ಅರ್ಧ ತಲೆ ದಾಟಿರುತ್ತದೆ. ಅದಕ್ಕೇ ಅವರು "ಹೌದು" ಎಂದು ಸುಮ್ಮನಾಗುತ್ತಾರೆ.

ಶಬ್ದದ ವಿಷಯಕ್ಕೆ ಬರೋಣ. ಹೊಸಬರು ಜೆಟ್ಟಿನ ಸದ್ದು ಬಂದ ದಿಕ್ಕಿಗೆ ಕತ್ತೆತ್ತಿ ಬರೀ ಆಕಾಶ ನೋಡುತ್ತಾರೆ. ಲೆಕ್ಕ ಸರಳ. ವಿಮಾನ ಗಂಟೆಗೆ 600 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 167 ಮೀಟರ್ ಓಡುತ್ತದೆ. ಶಬ್ದ ಓಡುವುದು ಸೆಕೆಂಡಿಗೆ 340 ಮೀಟರಿನ ಆಸುಪಾಸು. ಒಂದು ಕಿ.ಮೀ. ಎತ್ತರದಿಂದ ಸದ್ದು ಕೆಳಗಿಳಿಯಲು ಮೂರು ಸೆಕೆಂಡು ಬೇಕು, ಅಷ್ಟರಲ್ಲಿ ವಿಮಾನ ಅರ್ಧ ಕಿ.ಮೀ. ಮುಂದೆ. ಬೀದರಿನ ಹುಡುಗರು ಯಾವ ಲೆಕ್ಕವನ್ನೂ ಮಾಡದೆ ಸದ್ದಿಗಿಂತ ಮುಂದಕ್ಕೆ ಬೆರಳು ತೋರಿಸುತ್ತಾರೆ.

ನಿಜವಾದ ನಷ್ಟ ಆಗುವುದು ಅಡುಗೆಮನೆಯಲ್ಲಿ. ಕುಕ್ಕರಿನ ಸೀಟಿ ಎಣಿಸಿ ಬೇಳೆ ಇಳಿಸುವ ಮನೆಗಳಲ್ಲಿ, ಹಾರಾಟದ ಹೊತ್ತಿಗೂ ಅಡುಗೆಯ ಹೊತ್ತಿಗೂ ಜಗಳ. ಎರಡು ಸೀಟಿ ಕೇಳಿಸಿತು, ಮೂರನೆಯದು ಬಂತೋ ಇಲ್ಲವೋ, ಮೇಲೆ ಜೋಡಿ ಜೆಟ್ ಹೋಯಿತು. ಅನುಮಾನಕ್ಕೆ ಇನ್ನೆರಡು ಕೂಗಿಸಿದರೆ ತೊಗರಿ ಬೇಳೆ ಗಂಜಿಯಾಗಿ, ತಳಹತ್ತಿ, ಸೀದ ವಾಸನೆ ಪಕ್ಕದ ಮನೆಗೂ ಗೊತ್ತಾಗುತ್ತದೆ. ಇಲ್ಲಿ ಸೀಟಿ ನಂಬಬಾರದು, ಗಡಿಯಾರ ನಂಬಬೇಕು. ಬೇಳೆ ಅರ್ಧ ಗಂಟೆ ನೆನೆಹಾಕಿ, ಒಂದು ಬಟ್ಟಲಿಗೆ ಎರಡೂವರೆ ಬಟ್ಟಲು ನೀರು, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ. ಎಣ್ಣೆ ಇಲ್ಲದಿದ್ದರೆ ನೊರೆ ಎದ್ದು ವೆಯಿಟ್ಟಿನ ಕೊಳವೆಗೆ ಹೋಗುತ್ತದೆ. ಮೊದಲ ಸೀಟಿ ಕಿವಿಗೆ ಬೀಳದಿದ್ದರೂ ಆವಿ ಕಣ್ಣಿಗೆ ಕಾಣುತ್ತದೆ. ಆಗ ಉರಿ ಸಣ್ಣ ಮಾಡಿ ಎಂಟು ಹತ್ತು ನಿಮಿಷ ಬಿಟ್ಟು ಆರಿಸಿ. ಮೇಲೆ ಇಡೀ ಸೂರ್ಯಕಿರಣ ತಂಡದ ಒಂಬತ್ತು ವಿಮಾನ ಹೋದರೂ ಬೇಳೆಗೆ ಗೊತ್ತಾಗುವುದಿಲ್ಲ.

ಮದುವೆ ಮನೆಯವರು ಮಾತ್ರ ಗಡಿಯಾರದ ಜೊತೆಗೆ ನಕ್ಷೆಯನ್ನೂ ನೋಡಬೇಕು. ಮದುಮಗನ ಮೆರವಣಿಗೆಯನ್ನು ಡ್ರೋನಿನಲ್ಲಿ ಹಿಡಿಯುತ್ತೇನೆಂದು ಮುಂಗಡ ಪಡೆದ ವಿಡಿಯೋದವರು, ಕಲ್ಯಾಣಮಂಟಪ ಕೆಂಪು ವಲಯದಲ್ಲಿದೆ ಎಂದು ತಿಳಿಯುವುದು ಡ್ರೋನ್ ಪೆಟ್ಟಿಗೆ ಬಿಚ್ಚಿದ ಮೇಲೆ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಮಂಟಪದ ಜಾಗ ಮೊದಲೇ ನೋಡಿಕೊಂಡು, ಕೆಂಪಿದ್ದರೆ ಉದ್ದನೆಯ ಕೋಲಿಗೆ ಕ್ಯಾಮೆರಾ ಕಟ್ಟುವುದು ಲೇಸು. ಡಿಜೆಯವರ ಲೇಸರ್ ದೀಪವನ್ನೂ ಆಕಾಶಕ್ಕೆ ತಿರುಗಿಸಬಾರದು. ರಾತ್ರಿ ಇಳಿಯುವ ಪೈಲಟ್‌ನ ಕಣ್ಣು ಕತ್ತಲಿಗೆ ಹೊಂದಿಕೊಂಡಿರುತ್ತದೆ, ಅಂಥ ಹೊತ್ತಿನಲ್ಲಿ ಒಂದು ಗೆರೆ ಬೆಳಕು ಸಾಕು ರನ್‌ವೇ ಮಾಯವಾಗಲು. ಉಳಿದ ಬಿರಿಯಾನಿ, ಮೂಳೆಗಳನ್ನು ಮಂಟಪದ ಹಿಂದೆ ಸುರಿಯುವುದು ಇದಕ್ಕಿಂತ ಕೆಟ್ಟದ್ದು. ಅದಕ್ಕೆ ಹದ್ದು ಬರುತ್ತವೆ, ಹದ್ದಿನ ದಾರಿಗೆ ಹಾಕ್ ಬರುತ್ತದೆ, ಮತ್ತು ಹಾಕ್‌ಗೆ ಇರುವುದು ಒಂದೇ ಎಂಜಿನ್. 1937ರ ವಿಮಾನ ನಿಯಮಗಳಲ್ಲಿ 91ನೆಯದು ಇದಕ್ಕೆಂದೇ ಇತ್ತು: ವಿಮಾನ ನಿಲ್ದಾಣದಿಂದ 10 ಕಿ.ಮೀ. ಒಳಗೆ ಹಕ್ಕಿ-ಪ್ರಾಣಿ ಸೆಳೆಯುವ ಕಸ ಸುರಿಯಬಾರದು. ಬೀಗರ ಊಟದ ತಟ್ಟೆಗೂ ಕಾನೂನು ಅಂಟಿಕೊಂಡಿರುತ್ತದೆ ಎಂದರೆ ಅಡುಗೆ ಭಟ್ಟರು ನಗುತ್ತಾರೆ, ನಗಲಿ, ಡ್ರಮ್ಮಿಗೆ ಮುಚ್ಚಳ ಹಾಕಿಸಿ.

ಬಾಡಿಗೆಗೆ ಬರುವ ವಾಯುಪಡೆ ಕುಟುಂಬಗಳ ಜೊತೆ ಊರಿಗೆ ಬಲು ಬೇಗ ಬಳಕೆಯಾಗುತ್ತದೆ. ಮೊದಲ ಕೊಡುಕೊಳು ಸಾಮಾನ್ಯವಾಗಿ ಜೋಳದ ರೊಟ್ಟಿ. ಪಂಜಾಬಿನ ಭಾಭೀಜಿ ಗೋಧಿ ಹಿಟ್ಟಿನಂತೆಯೇ ತಣ್ಣೀರಲ್ಲಿ ಕಲಸಿ, ಲಟ್ಟಣಿಗೆ ಹಿಡಿದು, ಭಾರತದ ನಕ್ಷೆಯನ್ನು ರಾಜ್ಯವಾರು ತಯಾರಿಸುತ್ತಾರೆ. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಅದನ್ನು ಕುದಿನೀರಿನಿಂದ ಬರಿಸಿಕೊಳ್ಳಬೇಕು. ಹಿಟ್ಟಿನ ನಡುವೆ ಗುಂಡಿ ಮಾಡಿ ಮರಳುವ ನೀರು ಹಾಕಿ, ಸೌಟಿನ ಹಿಡಿಯಲ್ಲಿ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಚೆನ್ನಾಗಿ ನಾದಬೇಕು. ಒಂದು ರೊಟ್ಟಿಗಾಗುವಷ್ಟೇ ಹಿಟ್ಟು ತೆಗೆದು ಮತ್ತೆ ನಾದಿ ಬಡಿಯಬೇಕು. ಇಷ್ಟಾದರೂ ಅಂಚು ಬಿರಿದರೆ ಹಿಟ್ಟು ಹಳೆಯದು, ಜಿಗಿ ಹೋಗಿದೆ. "ಹಿಟ್ಟ ಬೀಸಿಸಿ ಎಷ್ಟ ದಿನ ಆತ್ರಿ?" ಎಂದು ಮನೆ ಮಾಲೀಕರ ತಾಯಿ ಕೇಳುವುದು ಕುತೂಹಲಕ್ಕಲ್ಲ.

ಸೈನಿಕರಿಗೆ ಅಗ್ಗಕ್ಕೆ ಮದ್ಯ ಸಿಗುವ ಕ್ಯಾಂಟೀನಿನ ವಿಷಯ ಚಿಕ್ಕದಾಗಿ ಮುಗಿಸುತ್ತೇವೆ, ಯಾಕೆಂದರೆ ಇದರಲ್ಲಿ ಎಲ್ಲರೂ ಪಾಲುದಾರರು. ಬಾಡಿಗೆದಾರ ಫೌಜಿ ಎಂದು ಗೊತ್ತಾದ ವಾರದಲ್ಲೇ ಓಣಿಯ ಕಾಕಾ ಒಬ್ಬರು "ಒಂದ ಬಾಟ್ಲಿ ಸಿಗ್ತದೇನ್ರಿ?" ಎನ್ನುತ್ತಾರೆ. ಕಾರ್ಡಿಗೆ ತಿಂಗಳ ಮಿತಿ ಇದೆ. ಹೊರಗಿನವರಿಗೆ ಮಾರುವಂತಿಲ್ಲ, ಸಿಕ್ಕಿಬಿದ್ದರೆ ಕಾರ್ಡ್ ಅಷ್ಟೇ ಅಲ್ಲ, ನೌಕರಿಯೇ ಅಲ್ಲಾಡುತ್ತದೆ. ಬಾಟ್ಲಿ ಕೇಳಬೇಡಿ.

ಅವರ ಕಾರು ಕೊಳ್ಳುವುದಾದರೆ ಮಾತ್ರ ಕಾಗದ ಕೇಳಿ. ಕೆಎ-38ರ ಊರಿನಲ್ಲಿ ಅಸ್ಸಾಮಿನಿಂದ ಹರಿಯಾಣದವರೆಗಿನ ನಂಬರ್ ಪ್ಲೇಟು ಓಡಾಡುತ್ತವೆ. ವರ್ಗವಾಗಿ ಹೊರಟವರು ಅವಸರದಲ್ಲಿ ಅಗ್ಗಕ್ಕೆ ಕೊಡುತ್ತಾರೆ, ಇವರು ಅವಸರದಲ್ಲಿ ಕೊಂಡುಬಿಡುತ್ತಾರೆ. ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ ಇಲ್ಲದೆ ಇಲ್ಲಿ ಮರುನೋಂದಣಿ ಆಗುವುದಿಲ್ಲ, ಮೇಲೆ ಇಲ್ಲಿನ ತೆರಿಗೆ ಬೇರೆ. ಹಣ ಕೊಡುವ ಮೊದಲು ಆ ಪತ್ರ ಕೈಗೆ ಬರಲಿ. ಮಾರಿದವರು ಆಗಲೇ ಲೇಹ್‌ನಲ್ಲಿದ್ದರೆ ಸಹಿ ಹಾಕಿಸಲು ನೀವು ಲೇಹ್‌ಗೆ ಹೋಗಲಾರಿರಿ.

ಬೀಳ್ಕೊಡುಗೆಗೆ ಬಿದ್ರಿ ಹೂಜಿಯೋ ಫಲಕವೋ ಕೊಡುವುದು ವಾಡಿಕೆ. ಇಲ್ಲಿ ಆಗುವಷ್ಟು ಅನಾಹುತ ಬೇರೆಲ್ಲೂ ಆಗುವುದಿಲ್ಲ, ಕಾರಣ ಸೈನಿಕರ ಶಿಸ್ತು. ಬಕಲ್, ಗುಂಡಿ, ಬ್ಯಾಡ್ಜು ಎಲ್ಲವನ್ನೂ ಹಿತ್ತಾಳೆ ಪಾಲಿಶ್ ಹಾಕಿ ಮುಖ ಕಾಣುವಂತೆ ತಿಕ್ಕಿದ ಕೈ, ಶೋಕೇಸಿನಲ್ಲಿ ಕರ್ರಗೆ ಕೂತ ಹೂಜಿಯನ್ನು ನೋಡಿ ಸುಮ್ಮನಿರದು. ಭಾನುವಾರ ಬೆಳಿಗ್ಗೆ ಡಬ್ಬಿ ತೆಗೆದು ಅರ್ಧ ತಾಸು ತಿಕ್ಕಿದರೆ ಕಪ್ಪೆಲ್ಲ ಬಟ್ಟೆಗೆ ಬಂದು, ಬೂದು ಬಣ್ಣದ ಸತು ಹೊರಬರುತ್ತದೆ. ಬೆಳ್ಳಿ ಯಾವುದು, ಲೋಹ ಯಾವುದು ಎಂದು ಆಮೇಲೆ ಹುಡುಕಬೇಕು.

ಬಿದ್ರಿ ಪಾತ್ರೆ ಎಂದರೆ ಸುಮಾರು 16 ಪಾಲು ಸತು, ಒಂದು ಪಾಲು ತಾಮ್ರ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕ ಕಪ್ಪು ಬರಿಸುತ್ತಾರೆ, ಉಳಿಯಿಂದ ಗೀರಿದ ಗೆರೆ ಎದ್ದು ಕಾಣಲಿ ಎಂದು. ಆ ಗೆರೆಗೆ ಬೆಳ್ಳಿ ತಂತಿ ಕೂರಿಸಿ ಬಡಿದು, ಮತ್ತೆ ನುಣುಪು ಮಾಡುತ್ತಾರೆ. ಕೊನೆಗೆ ಕೋಟೆಯ ಹಳೇ ಕಟ್ಟಡಗಳೊಳಗಿನ, ಮಳೆ ಬಿಸಿಲು ಕಾಣದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಬೆರೆಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚಿದರೆ ಸತು ಮಾತ್ರ ಕಾಡಿಗೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣು ಸರಿ ಇದೆಯೋ ಇಲ್ಲವೋ ಎಂದು ಕಸಬುದಾರರು ನಾಲಿಗೆಗೆ ಇಟ್ಟು ನೋಡುತ್ತಾರೆ. ಈ ಕಸುಬಿಗೆ 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರ ಮೂಲಕ ಪದ್ಮಶ್ರೀಯೂ ಬಂತು. ಅಂದರೆ ಆ ಕಪ್ಪು ಕೊಳೆಯಲ್ಲ, ಅದೇ ಕೆಲಸ, ಮತ್ತು ಅದು ಮೇಲಿನ ತೆಳು ಪದರ ಅಷ್ಟೇ.

ತಿಕ್ಕಿ ಕೆಡಿಸಿದವರು ಕ್ವಾರ್ಟರ್ಸಿನ ಹಿತ್ತಲ ಮಣ್ಣು ಹಚ್ಚಿ ಪ್ರಯೋಗ ಮಾಡಬೇಡಿ. ಚೌಬಾರದ ಕಡೆಯ ಹಳೇ ಪೇಟೆಗೆ ಒಯ್ದರೆ ಕಸಬುದಾರರೇ ಮತ್ತೆ ಕಪ್ಪು ಬರಿಸಿಕೊಡುತ್ತಾರೆ. ಮನೆಯಲ್ಲಿ ಮಾಡುವುದಿಷ್ಟೇ: ಒಣ ಮೆತ್ತನೆ ಬಟ್ಟೆ, ಅಪರೂಪಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ. ಹುಣಸೆ, ನಿಂಬೆ ಮುಟ್ಟಿಸಬೇಡಿ, ಹುಳಿ ಸತುವನ್ನು ತಿನ್ನುತ್ತದೆ. ಹೂದಾನಿಯಲ್ಲಿ ನೀರು ನಿಲ್ಲಿಸಿದರೆ ಬಿಳಿ ಕಲೆ ಏಳುತ್ತದೆ. ಸತುವಿನ ಎರಕ ಗಡಸಾಗಿ ಕಂಡರೂ ಪೆಡಸು, ಕೆಳಗೆ ಬಿದ್ದರೆ ನೆಗ್ಗುವುದಿಲ್ಲ, ಸೀಳುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ನಡುವೆ, ಕಂಬಳಿಗಳ ಒಳಗಿಡಿ.

ಹೊರಡುವ ವಾರ ಆ ಕರಿ ಟ್ರಂಕುಗಳ ಮೇಲೆ ಹೆಸರು, ನಂಬರು, ಹೊಸ ಊರು ಬರೆಸಲು ಪೇಂಟರ್ ಬರುತ್ತಾರೆ. ಅವರನ್ನು ಲಾರಿ ಬರುವ ದಿನ ಕರೆಸಬೇಡಿ. ಎನಾಮಲ್ ಬಣ್ಣ ನಾಲ್ಕಾರು ತಾಸಿಗೆ ಮುಟ್ಟಿದರೆ ಒಣಗಿದಂತೆ ಅನಿಸುತ್ತದೆ, ಗಟ್ಟಿಯಾಗಲು ಒಂದು ರಾತ್ರಿ ಪೂರ್ತಿ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಎರಡು ಕುಟುಂಬ ಸೇರಿ ಒಂದೇ ಲಾರಿ ಮಾಡಿದಾಗ, ಹಸಿ ಟ್ರಂಕಿಗೆ ಪಕ್ಕದವರ ಬಿಳಿ ಫ್ರಿಜ್ ಒರಗಿ ಬಿಗಿಯಾಗಿ ಹಗ್ಗ ಕಟ್ಟಿಸಿಕೊಂಡು ಜೋಧಪುರದವರೆಗೆ ಹೋಗುತ್ತದೆ. ಅಲ್ಲಿ ಇಳಿಸಿದಾಗ ಕಾರ್ಪೊರಲ್ ಸಾಬರ ಫ್ರಿಜ್ಜಿನ ಬಾಗಿಲ ಮೇಲೆ ಸಾರ್ಜೆಂಟ್ ಸಾಬರ ಹೆಸರು, ನಂಬರು, ತಿರುವುಮುರುವಾಗಿ. ಬಣ್ಣ ಇನ್ನೂ ಹಸಿಯಿದ್ದರೆ ಟರ್ಪೆಂಟೈನ್ ಬಟ್ಟೆಯಲ್ಲಿ ಹೋಗುತ್ತದೆ. ಒಣಗಿದ್ದರೆ ಇಬ್ಬರೂ ಒಂದೇ ಬ್ಲಾಕಿನಲ್ಲಿ ಕ್ವಾರ್ಟರ್ಸ್ ಕೇಳಿಕೊಳ್ಳುವುದು ಒಳ್ಳೆಯದು.