ಪರೀಕ್ಷೆ ಮುಗಿಯೋವರೆಗೆ ಹಕ್ಕಿಗಳು ಕಾಯೋದಿಲ್ಲ

ಎರಡು ವರ್ಷದಿಂದ ಬರೀಬೇಕು ಬರೀಬೇಕು ಅಂದುಕೊಂಡು ಮುಂದಕ್ಕೆ ಹಾಕ್ತಾ ಬಂದ ವಿಷಯ ಇದು. ಮಾಘ ಮುಗೀತಾ ಬಂತು. ಇನ್ನೂ ತಡ ಮಾಡಿದರೆ ಬರೆದೂ ಉಪಯೋಗ ಇಲ್ಲ.

ಮಕ್ಕಳನ್ನ ಬಯಲಿಗೆ, ಕೆರೆ ಕಡೆಗೆ ಕರಕೊಂಡು ಹೋಗೋಕೆ ದಯವಿಟ್ಟು ಬೇಸಿಗೆ ರಜ ಬರಲಿ ಅಂತ ಕಾಯಬೇಡಿ. ನಮ್ಮ ಮೈಸೂರು ಸೀಮೆಯಲ್ಲಿ ಶಿವರಾತ್ರಿಯ ಹಿಂದೆಮುಂದೆ ಇರೋ ನಾಲ್ಕೈದು ವಾರಾನೇ ಅದಕ್ಕೆ ಸರಿಯಾದ ಕಾಲ. ಮರದ ಎಲೆ ಉದುರಿರುತ್ತೆ, ಕೂತ ಹಕ್ಕಿ ಬರಿಗಣ್ಣಿಗೇ ಕಾಣುತ್ತೆ. ಬೂರುಗ, ಮುತ್ತುಗ ಎರಡೂ ಕೆಂಪಗೆ ಹೂಬಿಟ್ಟಿರುತ್ತವೆ, ಒಂದೇ ಬೂರುಗದ ಮರದ ಕೆಳಗೆ ಅರ್ಧ ಗಂಟೆ ನಿಂತರೆ ಗೊರವಂಕ, ಕಾಜಾಣ, ಸೂರಕ್ಕಿ, ಪಿಕಳಾರ ಎಲ್ಲ ಬಂದು ಹೋಗುತ್ತವೆ. ಚಳಿಗಾಲಕ್ಕೆ ಬಂದ ದೂರದ ನೆಂಟರು ಇನ್ನೂ ಹೊರಟಿರೋದಿಲ್ಲ, ಇಲ್ಲಿನ ಹಕ್ಕಿಗಳು ಗೂಡಿನ ಕೆಲಸಕ್ಕೆ ಇಳಿದಿರುತ್ತವೆ. ಬಿಸಿಲು ಒಂಬತ್ತರ ತನಕ ಹಿತವಾಗಿರುತ್ತೆ. ಇಷ್ಟೆಲ್ಲ ಕೂಡಿಬರೋ ಹೊತ್ತಿಗೇ ನಾವು ಮಕ್ಕಳನ್ನ ಪುಸ್ತಕದ ಮುಂದೆ ಕೂರಿಸಿ ಬಾಗಿಲು ಹಾಕಿಬಿಡ್ತೀವಿ. ವಾರ್ಷಿಕ ಪರೀಕ್ಷೆ!

ನಾನೂ ಹಾಗೇ ಮಾಡಿದೆ. ಎರಡು ವರ್ಷದ ಹಿಂದೆ ಮಗಳು ಎಸ್ಸೆಸ್ಸೆಲ್ಸಿ. ನಂಜನಗೂಡು ಕಡೆಯ ಹದಿನಾರು ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ ಅಂತ ಅವಳು ಎಲ್ಲೋ ಓದಿದ್ದಳು. (ಹದಿನಾರು ಅನ್ನೋದು ಊರ ಹೆಸರು. ಮೈಸೂರು ಒಡೆಯರ ಮೂಲಪುರುಷ ಯದುರಾಯರ ಕಥೆಯಲ್ಲಿ ಬರೋ ಹದಿನಾಡು ಇದೇ ಅಂತಾರೆ.) ಹಿಮಾಲಯ ದಾಟಿ ಬರೋ ಹಕ್ಕಿ ಅದು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಹಗಲೆಲ್ಲ ಕೆರೆಯಲ್ಲಿ ದಣಿವಾರಿಸಿಕೊಂಡು, ಸಂಜೆಯಾದಮೇಲೆ ಸುತ್ತಲ ಗದ್ದೆಗಳಿಗೆ ಮೇಯೋಕೆ ಹೋಗುತ್ತವೆ. ಬಿಳಿ ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟೆ, ಯಾರೋ ಕಾಡಿಗೆ ಬೆರಳಲ್ಲಿ ಎಳೆದ ಹಾಗೆ.

ಜನವರಿಯಲ್ಲೇ ಕೇಳಿದಳು. "ಪರೀಕ್ಷೆ ಮುಗೀಲಿ ಕಂದ, ಇಡೀ ದಿನ ಹೋಗೋಣ" ಅಂದೆ. ಫೆಬ್ರವರಿಯಲ್ಲಿ ಇನ್ನೊಮ್ಮೆ ಕೇಳಿದಳು, ಅದೇ ಉತ್ತರ ಕೊಟ್ಟೆ. ಮೂರನೇ ಸಲ ಕೇಳಲಿಲ್ಲ.

ಏಪ್ರಿಲ್ ಎರಡನೇ ವಾರ, ಪರೀಕ್ಷೆ ಮುಗಿಸಿಕೊಂಡು ಹೋದೆವು. ಕೆರೆ ಅಂಚಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅಲ್ಲೊಂದು ಇಲ್ಲೊಂದು ಬೆಳ್ಳಕ್ಕಿ, ನಡುವೆ ಉಳಿದ ನೀರಲ್ಲಿ ಒಂದಿಷ್ಟು ನಾಮದ ಕೋಳಿ. ಹೆಬ್ಬಾತು ಒಂದೂ ಇಲ್ಲ. ಏರಿ ಮೇಲೆ ಕುರಿ ಮೇಯಿಸ್ತಿದ್ದ ಹಿರಿಯರೊಬ್ಬರನ್ನ ಕೇಳಿದ್ದಕ್ಕೆ, "ಶಿವರಾತ್ರಿ ಕಳೀತಿದ್ದಂಗೇ ಗುಂಪ್‌ಗುಂಪಾಗಿ ಎದ್ದೋದ್ವು ಸಾ" ಅಂದರು. ಮಗಳು ಕೆಸರಲ್ಲಿ ಸಿಕ್ಕ ಒಂದು ಬೂದು ಗರಿ ಎತ್ತಿಕೊಂಡು ಸ್ವಲ್ಪ ಹೊತ್ತು ತಿರುಗಿಸಿ ನೋಡಿದಳು. ಅದು ಯಾವ ಹಕ್ಕಿಯದೋ ನನಗೂ ಗೊತ್ತಾಗಲಿಲ್ಲ. ಅವತ್ತು ಕಾರಲ್ಲಿ ವಾಪಸ್ ಬರುವಾಗ ಇಬ್ಬರೂ ಮಾತಾಡಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂತು, ನಿಜ. ಭಾನುವಾರದ ಎರಡು ಗಂಟೆ ಕೊಟ್ಟಿದ್ದರೆ ಅದರಲ್ಲಿ ಏನು ಕಡಿಮೆಯಾಗ್ತಿತ್ತು ಅನ್ನೋದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಟೈಮ್ ಎಲ್ಲಿದೆ ಅನ್ನೋರಿಗೆ ಒಂದು ಮಾತು. ಪ್ರತಿ ವರ್ಷ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತೆ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, 2013ರಿಂದ ನಮ್ಮ ದೇಶದವರೂ ಸೇರಿದ್ದಾರೆ. ನಿಂತ ಜಾಗದಲ್ಲಿ ಕಡೇಪಕ್ಷ 15 ನಿಮಿಷ ಹಕ್ಕಿಗಳನ್ನ ಎಣಿಸಿ ಇ-ಬರ್ಡ್ ಆಪ್‌ಗೆ ಪಟ್ಟಿ ಹಾಕಬೇಕು, ಇಷ್ಟೇ. ಟೆರೇಸ್ ಮೇಲಿಂದಲೂ ಆಗುತ್ತೆ. ಮಗಳು ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿ ಎದ್ದು ಕಾಫಿ ಕುಡಿಯೋ ಹೊತ್ತು ಅಷ್ಟೇ ಆಯ್ತಲ್ಲ. ನಮ್ಮ ಟೆರೇಸಿಂದ ಮೊದಲ ಸಲ ಎಣಿಸಿದಾಗ ಹದಿಮೂರು ಬಗೆ ಸಿಕ್ಕವು. ಅದರಲ್ಲಿ ಎಂಟರ ಹೆಸರು ನನಗೆ ಗೊತ್ತೇ ಇರಲಿಲ್ಲ, ಅದೇ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೀನಿ.

ಮಗನದು ಬೇರೆ ಕಥೆ. ಹನ್ನೊಂದು ವರ್ಷ, ಸುಮ್ಮನೆ ನಿಂತು ನೋಡು ಅಂದರೆ ಎರಡೇ ನಿಮಿಷ. ಅವನಿಗೆ ಹುಡುಕೋಕೆ ಏನಾದರೂ ಬೇಕು. ಅದಕ್ಕೆ ಸಿಕ್ಕಿದ್ದು ಜಿಯೋಕ್ಯಾಶಿಂಗ್, ಯಾರೋ ಬಚ್ಚಿಟ್ಟ ಡಬ್ಬಿಯನ್ನ ಜಿಪಿಎಸ್ ನೋಡಿಕೊಂಡು ಹುಡುಕೋ ಆಟ. ಜಿಪಿಎಸ್ ಸಿಗ್ನಲ್‌ಗೆ ಬೇಕೂ ಅಂತಲೇ ಸೇರಿಸ್ತಿದ್ದ ತಪ್ಪನ್ನ ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು, ಸಾಮಾನ್ಯ ಜನರಿಗೂ ಜಾಗ ಕರಾರುವಾಕ್ಕಾಗಿ ಸಿಗೋ ಹಾಗಾಯ್ತು. ಒಂದೆರಡು ದಿನದಲ್ಲೇ ಡೇವ್ ಉಲ್ಮರ್ ಅನ್ನೋರು ಒರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನ ಇಂಟರ್ನೆಟ್ಟಿಗೆ ಹಾಕಿ, ಹುಡುಕಿ ನೋಡಿ ಅಂದರು. ಆಟ ಹುಟ್ಟಿದ್ದು ಹಾಗೆ. ಡಬ್ಬಿಯಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲ್. ಸಿಕ್ಕವರು ಹೆಸರು, ತಾರೀಖು ಬರೆದು ಡಬ್ಬಿ ಇದ್ದಲ್ಲೇ ಇಟ್ಟು ಬರಬೇಕು.

ನಮ್ಮೂರಲ್ಲಿ ಇದನ್ನ ಆಡುವಾಗ ಎಚ್ಚರ ಇರಲಿ. ಪಾರ್ಕಲ್ಲೋ ಬಸ್ ಸ್ಟ್ಯಾಂಡ್ ಪಕ್ಕದಲ್ಲೋ ಯಾರದೋ ಗೊತ್ತಿಲ್ಲದ ಡಬ್ಬಿ ಕಂಡರೆ ಜನ ಹೆದರೋದು ಸಹಜ. ಅರಣ್ಯ ಇಲಾಖೆಯ ಜಾಗದಲ್ಲಂತೂ ಇಡಲೇಬೇಡಿ. ನಮ್ಮದೇ ತೋಟ, ಇಲ್ಲಾ ನೆಂಟರ ಹೊಲ ಸಾಕು. ತಿನ್ನೋ ಪದಾರ್ಥ ಹಾಕಬೇಡಿ, ನೆಲ ಅಗೆದು ಹೂಳಬೇಡಿ. ಇದು ಆಟದ ನಿಯಮವೂ ಹೌದು.

ಹೋದ ವರ್ಷ ಮಾರ್ಚ್ ನಡುವೆ ನನ್ನ ಸೋದರಮಾವನ ಹೊಲದಲ್ಲಿ ಒಂದು ಸ್ಟೀಲ್ ತಿಂಡಿ ಡಬ್ಬಿ ಇಟ್ಟೆ. ಹುರುಳಿ ಕಿತ್ತು ಖಾಲಿ ಬಿದ್ದಿದ್ದ ಹೊಲ, ಮೂಲೆಯಲ್ಲಿ ಹುಣಸೆ ಮರ, ಬುಡದಲ್ಲಿ ಕಲ್ಲುಗುಡ್ಡೆ. ಒಂದು ವಾರ ಬಿಟ್ಟು ಮಕ್ಕಳಿಬ್ಬರನ್ನೂ ಕರಕೊಂಡು ಹೋಗಿ ಫೋನ್ ಕೈಗೆ ಕೊಟ್ಟೆ. ಮಗ ಫೋನಿನ ಬಾಣ ನೋಡ್ತಾ ನೋಡ್ತಾ ಓಡಿದ. "ಮೂವತ್ತು ಮೀಟ್ರು... ಹದಿನೆಂಟು..." ಅಂತ ಕೂಗ್ತಿದ್ದ. ಅಷ್ಟರಲ್ಲಿ ತಲೆ ಮೇಲೆ ಟಿಟ್ಟಿಭ ಚೀರೋಕೆ ಶುರು ಮಾಡಿತು. ಒಂದಲ್ಲ, ಎರಡು. ಮೇಲಿಂದ ಎರಗಿ ಎರಗಿ ಬರ್ತಿದ್ದವು. "ಇನ್ನು ಎಂಟೇ ಮೀಟ್ರು ಅಪ್ಪಾ!" ಅಂದ. ಮಗಳು ಹಿಂದಿಂದ ಅವನ ಅಂಗಿ ಹಿಡಿದು ಎಳೆದಳು.

"ಲೋ, ಕಾಲ್ ಎತ್ತಬೇಡ. ಕೆಳಗೆ ನೋಡು."

ಅವನ ಚಪ್ಪಲಿಯಿಂದ ಒಂದು ಗೇಣು ಮುಂದೆ ನಾಲ್ಕು ಮೊಟ್ಟೆ. ಗೂಡು ಅಂತ ಏನೂ ಇಲ್ಲ, ನೆಲವನ್ನ ಸ್ವಲ್ಪ ಕೆರೆದು ಮಾಡಿದ ತಗ್ಗು, ಸುತ್ತ ಸಣ್ಣ ಕಲ್ಲು, ಒಣಗಿದ ಆಡಿನ ಹಿಕ್ಕೆ. ಮೊಟ್ಟೆಗಳು ಮಣ್ಣಿನದೇ ಬಣ್ಣ, ಮೈತುಂಬ ಶಾಯಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ. ಚೂಪು ತುದಿ ನಾಲ್ಕೂ ಒಳಮುಖವಾಗಿ ಜೋಡಿಸಿಟ್ಟಂತೆ ಇದ್ದವು. ನಾನು ಅಲ್ಲೇ ನಿಂತಿದ್ದರೂ, ಮಗಳು ಬೆರಳು ತೋರಿಸಿದ ಮೇಲೂ, ಕಣ್ಣಿಗೆ ಹಿಡಿಯೋಕೆ ಒಂದು ಗಳಿಗೆ ಬೇಕಾಯ್ತು.

ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿದು ದೂರದ ಬಾವಿಕಟ್ಟೆ ಮೇಲೆ ಕೂತೆವು. ಸುಮಾರು ಹತ್ತು ನಿಮಿಷ ಆದಮೇಲೆ ಒಂದು ಹಕ್ಕಿ ಇಳಿಯಿತು. ನೇರ ಮೊಟ್ಟೆ ಹತ್ತಿರ ಹೋಗಲಿಲ್ಲ. ನಾಲ್ಕು ಹೆಜ್ಜೆ ಓಡಿ ನಿಂತು, ಅತ್ತ ಇತ್ತ ನೋಡಿ, ಬೇರೆ ಕಡೆ ಏನೋ ಹೆಕ್ಕಿದ ಹಾಗೆ ಮಾಡಿ, ಸುತ್ತು ಹಾಕಿಕೊಂಡು ಬಂದು ಎದೆಗರಿ ಬಿಚ್ಚಿ ಮೆಲ್ಲಗೆ ಕೂತಿತು. ಎರಡು ನಿಮಿಷ ನಿಲ್ಲದ ನನ್ನ ಮಗ ಅವತ್ತು ಮುಕ್ಕಾಲು ಗಂಟೆ ಅಲ್ಲಾಡದೆ ಕೂತಿದ್ದ. ಬಿಸಿಲು ಹೆಚ್ಚಾದರೆ ಈ ಹಕ್ಕಿ ನೀರಲ್ಲಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ ಅಂತ ಮಾವ ಹೇಳಿದರು. ಅವರಿಗೆ ಅದು ಓದಿ ಬಂದದ್ದಲ್ಲ. ಮರಿ ಆಗೋಕೆ ಹತ್ತಿರ ಹತ್ತಿರ ನಾಲ್ಕು ವಾರ. ಅಲ್ಲಿವರೆಗೆ ಆ ಮೂಲೆಗೆ ಟ್ರಾಕ್ಟರ್ ಬಿಡಲ್ಲ ಅಂತ ಅವರಾಗಿಯೇ ಅಂದರು, ನಾವು ಕೇಳಿರಲಿಲ್ಲ. ಕೊಕ್ಕರೆ ಬೆಳ್ಳೂರಲ್ಲಿ ಊರ ಮರಗಳಲ್ಲೇ ಗೂಡು ಕಟ್ಟೋ ಹೆಜ್ಜಾರ್ಲೆಗಳನ್ನ (ಪೆಲಿಕನ್) ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರಲ್ಲ, ಆ ಮಾತು ಅದೇ ಊರಿಗೆ ಮಾತ್ರ ಸೇರಿದ್ದಲ್ಲ ಅಂತ ಅವತ್ತು ಅನ್ನಿಸಿತು.

ಡಬ್ಬಿ ಹುಡುಕೋಕೆ ಹೋಗಲಿಲ್ಲ. ಮರಿಗಳು ಹೋದಮೇಲೆ, ಮೇ ಮೊದಲ ವಾರದಲ್ಲಿ ತೆಗೆದೆವು.

ಇದೇ ವಿಷಯಕ್ಕೆ ಒಂದು ನೋವಿನ ಮಾತು ಹೇಳಲೇಬೇಕು. ನಮ್ಮ ಮನೆ ಹತ್ತಿರದ ಕೆರೆಯಲ್ಲಿ ಹೋದ ವರ್ಷ ಒಂದು ಪಿಕಳಾರದ ಗೂಡಿತ್ತು, ಲಂಟಾನ ಪೊದೆಯೊಳಗೆ. ಫೋಟೋಗೆ ಅಡ್ಡ ಬರುತ್ತೆ ಅಂತ ಯಾರೋ ಮುಂದಿನ ಕೊಂಬೆಗಳನ್ನ ಮುರಿದು ಹಾಕಿದ್ದರು. ಮರುದಿನ ಹೋದಾಗ ಗೂಡು ಖಾಲಿ, ಕಾಗೆ ಪಕ್ಕದ ಮರದಲ್ಲಿ. ಮರೆಯಿಲ್ಲದ ಗೂಡು ನಮ್ಮ ಕಣ್ಣಿಗೆ ಕಂಡರೆ ಕಾಗೆ ಕಣ್ಣಿಗೂ ಕಾಣುತ್ತೆ. ಫೋನಲ್ಲಿ ಹಕ್ಕಿ ಕೂಗು ಹಾಕಿ ಹತ್ತಿರ ಕರೆಸೋದೂ ಹೀಗೇ. ಗೂಡು ಕಟ್ಟೋ ಹೊತ್ತಲ್ಲಿ ಅದು, ಎದುರಾಳಿ ಬಂದ ಅಂತ ತನ್ನ ಕೆಲಸ ಬಿಟ್ಟು ಓಡಿ ಬರುತ್ತೆ. ಹಕ್ಕಿ ಮೇಲೆ ಪ್ರೀತಿ ಇದ್ದವರೇ ಇದನ್ನ ಮಾಡೋದು ನೋಡಿದಾಗ ಹೊಟ್ಟೆ ಉರಿಯುತ್ತೆ. ಫೋಟೋ ಇಲ್ಲದಿದ್ದರೂ ಪರವಾಗಿಲ್ಲ, ದೂರದಿಂದಲೇ ನೋಡಿ.

ದೂರದ ಊರಿಗೇ ಹೋಗಬೇಕು ಅಂತಲೂ ಇಲ್ಲ. ರಂಗನತಿಟ್ಟು ನಮಗೆ ಹತ್ತಿರ, ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ ಜಾಗ, ಅದರ ಚೆಂದವೇ ಬೇರೆ. ಆದರೆ ಕುಕ್ಕರಹಳ್ಳಿ, ಲಿಂಗಾಂಬುಧಿ, ಇಲ್ಲಾ ನಿಮ್ಮೂರಿನ ಹೆಸರಿಲ್ಲದ ಕಟ್ಟೆ, ಯಾವುದಾದರೂ ಒಂದಕ್ಕೆ ನಾಲ್ಕು ಭಾನುವಾರ ಬಿಡದೆ ಹೋಗಿ. ಮೊದಲ ವಾರ ಇದ್ದದ್ದು ಮೂರನೇ ವಾರ ಇರೋದಿಲ್ಲ. ಆ ವ್ಯತ್ಯಾಸ ಮಕ್ಕಳಿಗೆ ತಾನಾಗೇ ಗೊತ್ತಾಗುತ್ತೆ, ನಾವು ಪಾಠ ಮಾಡಬೇಕಾಗಿಲ್ಲ. ಆರೂವರೆಗೆ ಏರಿ ಮೇಲಿದ್ದರೆ ಒಂಬತ್ತಕ್ಕೆ ಮನೆ ಸೇರಬಹುದು. ಬಿಳಿ ಬಟ್ಟೆ ಬೇಡ, ನೀರು ಇರಲಿ, ಒಂದು ಚಿಕ್ಕ ನೋಟ್‌ಬುಕ್ ಇರಲಿ.

ಈ ವರ್ಷ ಮಗಳು ಸೆಕೆಂಡ್ ಪಿಯುಸಿ. ಪರೀಕ್ಷೆ ಹತ್ತಿರದಲ್ಲೇ ಇದೆ. ಅವಳ ಟೇಬಲ್ ಎದುರಿನ ಗೋಡೆಗೆ ಓದೋ ವೇಳಾಪಟ್ಟಿ ಅಂಟಿಸಿಕೊಂಡಿದ್ದಾಳೆ, ನಿನ್ನೆ ರಾತ್ರಿ ಹಾಲು ಕೊಡೋಕೆ ಹೋದಾಗ ನೋಡಿದೆ. ಬರೋ ಭಾನುವಾರದ ಸಾಲಲ್ಲಿ ಫಿಸಿಕ್ಸ್‌ಗೆ ಮುಂಚೆ ಹಸಿರು ಪೆನ್ನಲ್ಲಿ ಬರೆದಿದ್ದಳು: "5.15, ಹದಿನಾರು ಕೆರೆ, ಅಪ್ಪನ ಜೊತೆ."