ಎಂಟು ರೇಸ್ ಗೆದ್ದವಳಿಗೆ ಕಂಚು

2024ರ ಆಗಸ್ಟ್ 3, ಶನಿವಾರ. ಮನು ಭಾಕರ್‌ಗೆ ಮೂರನೇ ಪದಕ ತಪ್ಪಿತಲ್ಲ ಅಂತ ಎಲ್ಲರೂ ಬೇಸರದಲ್ಲಿದ್ದ ದಿನ. ಕುಮಟಾದ ಮನೆಯ ಜಗಲಿಯಲ್ಲಿ ನಾನು, ಅಮ್ಮ ಮೊಬೈಲ್ ಹಿಡಿದು ಫ್ರಾನ್ಸ್‌ನ ಮಾರ್ಸೇ ಸಮುದ್ರ ನೋಡುತ್ತಾ ಕೂತಿದ್ದೆವು. ಪ್ಯಾರಿಸ್ ಒಲಿಂಪಿಕ್ಸ್‌ನ ಹಾಯಿ ಸ್ಪರ್ಧೆಗಳು ನಡೆದದ್ದು ಅಲ್ಲೇ. ಅವತ್ತು ಹೆಂಗಸರ ವಿಂಡ್‌ಸರ್ಫಿಂಗ್ ಫೈನಲ್, ಅಂದರೆ ಬೋರ್ಡ್ ಮೇಲೆ ನಿಂತು ಹಾಯಿ ಹಿಡಿದು ಸಾಗುವ ಆಟ. ಹಿಂದಿನ ದಿನವೇ ಆಗಬೇಕಿತ್ತು, ಗಾಳಿ ಸರಿಯಿಲ್ಲ ಅಂತ ಮುಂದೆ ಹಾಕಿದ್ದರು.

ಅಮ್ಮನ ಅಪ್ಪ ಹಾಯಿದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವರು. ಹಾಗಾಗಿ ಅಮ್ಮನಿಗೆ ಯಾವ ದೇಶ, ಯಾವ ಪದಕ ಅನ್ನೋದು ಮುಖ್ಯ ಅಲ್ಲ. ಗಾಳಿ ಎಲ್ಲಿಂದ ಬೀಸ್ತಿದೆ, ಯಾರು ಅದನ್ನು ಸರಿಯಾಗಿ ಹಿಡಿದರು, ಅಷ್ಟೇ. ಅಂಗೈ ಅಗಲದ ಪರದೆಯಲ್ಲೂ ಹಾಯಿ ಉಬ್ಬಿದ್ದು ನೋಡಿ, "ಈಗ ತಿರುಗಿಸ್ಬೇಕು ಇವ್ಳು" ಅನ್ನುತ್ತಿದ್ದಳು. ವಾರವಿಡೀ ಅವಳು ಮೆಚ್ಚಿದ್ದು ಒಬ್ಬಳನ್ನೇ, ಬ್ರಿಟನ್ನಿನ ಎಮ್ಮಾ ವಿಲ್ಸನ್.

ಮೆಚ್ಚದೆ ಇರೋಕೆ ಆಗ್ತಿರಲಿಲ್ಲ. ಒಟ್ಟು 14 ರೇಸ್. ಎಂಟರಲ್ಲಿ ಅವಳೇ ಮೊದಲು. ಈ ಆಟದಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಮೊದಲು ಬಂದರೆ 1, ಎರಡನೆಯವರಾದರೆ 2, ಹೀಗೆ ಕೂಡುತ್ತಾ ಹೋಗುತ್ತಾರೆ. ಆ ಲೆಕ್ಕದಲ್ಲಿ ಎಮ್ಮಾ ಎರಡನೆಯವಳಿಗಿಂತ ಸುಮಾರು 30 ಅಂಕ ಮುಂದಿದ್ದಳು. ಅಂಕ ಕೂಡಿಯೇ ಗೆದ್ದವರನ್ನು ಹೇಳುವ ಹಳೆಯ ಪದ್ಧತಿ ಇದ್ದಿದ್ದರೆ ಅವತ್ತು ಅವಳು ಸುಮ್ನೆ ದಡದಲ್ಲಿ ಕೂತಿದ್ದರೂ ಚಿನ್ನ ಅವಳದೇ.

ಆದರೆ ಪ್ಯಾರಿಸ್‌ನಲ್ಲಿ ನಿಯಮ ಬೇರೆ ಇತ್ತು. ಮೊದಲ ಸ್ಥಾನದವಳು ನೇರ ಫೈನಲ್‌ಗೆ. ಎರಡು, ಮೂರನೆಯವರು ಸೆಮಿಫೈನಲ್‌ಗೆ. ನಾಲ್ಕರಿಂದ ಹತ್ತರವರೆಗಿನವರು ಕ್ವಾರ್ಟರ್‌ಫೈನಲ್‌ನಿಂದ ಮೇಲೆ ಬರಬೇಕಿತ್ತು. ಕೊನೆಗೆ ಮೂವರು ಉಳಿಯುತ್ತಿದ್ದರು. ಒಂದೇ ರೇಸ್. ಹಿಂದಿನ ಅಂಕವೆಲ್ಲ ಸೊನ್ನೆ. ಮೊದಲು ಬಂದವಳಿಗೆ ಚಿನ್ನ.

ಆ ಒಂದು ರೇಸ್‌ನಲ್ಲಿ ಇಟಲಿಯ ಮಾರ್ತಾ ಮಜೆಟ್ಟಿ ಮೊದಲು ಬಂದಳು. ಇಸ್ರೇಲ್‌ನ ಶರೋನ್ ಕಾಂಟೋರ್ ಎರಡನೆಯವಳು. ಎಮ್ಮಾ ಮೂರನೆಯವಳು, ಅಂದರೆ ಮೂವರಲ್ಲಿ ಕೊನೆ. ಕೆಲವೇ ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಅಮ್ಮ ಕನ್ನಡಕ ತೆಗೆದು ನನ್ನ ಮುಖ ನೋಡಿದಳು. "ಎಂಟು ಸಲ ಗೆದ್ದದ್ದು ಎಲ್ಲಿ ಹೋಯ್ತು ಹಂಗಾರೆ?"

ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಈ ಆಟ ಎಷ್ಟು ಕಷ್ಟ ಅನ್ನೋದು ನನಗೆ ಸ್ವಲ್ಪವಾದರೂ ಗೊತ್ತು. ಕೆಲವು ವರ್ಷದ ಹಿಂದೆ ಗೋವಾದಲ್ಲಿ ಒಂದು ಬೆಳಗ್ಗೆ ಕಲಿಯೋಕೆ ಹೋಗಿದ್ದೆ. ಬೋರ್ಡ್ ಮೇಲೆ ನಿಲ್ಲೋದು ಆಮೇಲಿನ ಮಾತು. ಮೊದಲು ನೀರಲ್ಲಿ ಮಲಗಿರುವ ಹಾಯಿಯನ್ನು ಹಗ್ಗ ಹಿಡಿದು ಎತ್ತಬೇಕು. ಅದರ ಮೇಲೆ ನೀರು ನಿಂತಿರುತ್ತದೆ. ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ, ಆದರೆ ನಿಂತ ನೆಲವೇ ಅಲ್ಲಾಡುತ್ತಿರುತ್ತದೆ. ಕಲಿಸುತ್ತಿದ್ದ ಕಾರವಾರದ ಕಡೆಯ ಹುಡುಗ, "ಅಕ್ಕಾ, ತೋಳಲ್ಲಿ ಎಳೀಬೇಡಿ, ಮಂಡಿ ಬಗ್ಗಿಸಿ ಮೈಭಾರ ಹಿಂದಕ್ಕೆ ಬಿಡಿ" ಅಂತ ಹೇಳುತ್ತಲೇ ಇದ್ದ. ಒಂದು ಗಂಟೆಗೆ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು. ಅದು ಕಲಿಯುವವರ ಪುಟ್ಟ ಹಾಯಿ. ಮಾರ್ಸೇಯಲ್ಲಿ ಈ ಹೆಂಗಸರ ಕೈಯಲ್ಲಿದ್ದದ್ದು 8 ಚದರ ಮೀಟರಿನದು.

ಅವರ ಬೋರ್ಡೂ ಬೇರೆಯೇ. ಹೆಸರು ಐಕ್ಯೂಫಾಯಿಲ್, ಒಲಿಂಪಿಕ್ಸ್‌ಗೆ ಬಂದದ್ದು 2024ರಲ್ಲೇ ಮೊದಲು. ಬೋರ್ಡಿನ ಅಡಿಗೆ ನೀರೊಳಗೆ ಒಂದು ಕಂಬ, ಅದರ ತುದಿಗೆ ವಿಮಾನದ್ದರಂಥ ರೆಕ್ಕೆ. ವೇಗ ಸಿಕ್ಕಿತು ಅಂದರೆ ಆ ರೆಕ್ಕೆ ಬೋರ್ಡನ್ನೇ ನೀರಿನಿಂದ ಮೇಲಕ್ಕೆ ಎತ್ತುತ್ತದೆ. ಆಮೇಲೆ ಅಲೆ ತಾಗುವುದೇ ಇಲ್ಲ, ಗಾಳಿಯಲ್ಲಿ ತೇಲಿಕೊಂಡೇ ಓಟ. ಗಾಳಿ ಸಣ್ಣಗಾಯ್ತು ಅಂದರೆ ಬೋರ್ಡ್ ಕೆಳಗೆ ಕೂರುತ್ತದೆ. ಆಗ ಹಾಯಿಯನ್ನು ಮತ್ತೆ ಮತ್ತೆ ಜಗ್ಗಿ ಜಗ್ಗಿ ಏಳಿಸಬೇಕು. ಎದುರು ಗಾಳಿಗೆ ನೇರ ಹೋಗೋಕೆ ಬರಲ್ಲ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿಯೇ ಹತ್ತಬೇಕು. ಎಲ್ಲಿ ತಿರುಗಬೇಕು ಅನ್ನೋದೇ ಲೆಕ್ಕ. ನೀವು ತಿರುಗಿದ ಮೇಲೆ ಗಾಳಿ ದಿಕ್ಕು ಬದಲಿಸಿದರೆ ಅದು ನಿಮ್ಮ ತಪ್ಪಾ?

ಅದಕ್ಕೇ ಅಲ್ವಾ ಈ ಆಟದಲ್ಲಿ ಮೊದಲಿನಿಂದಲೂ ಅಷ್ಟೊಂದು ರೇಸ್ ಇಟ್ಟದ್ದು? ಒಂದು ದಿನ ಗಾಳಿ ಒಬ್ಬಳ ಕಡೆ, ಇನ್ನೊಂದು ದಿನ ಇನ್ನೊಬ್ಬಳ ಕಡೆ. ಎಲ್ಲ ಕೂಡಿದಾಗ ಅದೃಷ್ಟ ಕಳೆದು ಕೈಚಳಕ ಉಳಿಯುತ್ತದೆ. ಪಿಸ್ತೂಲ್ ಶೂಟಿಂಗ್‌ನಲ್ಲೂ ಫೈನಲ್ ಸೊನ್ನೆಯಿಂದಲೇ ಶುರುವಾಗುತ್ತದೆ, ನಿಜ. ಆದರೆ ಎಲ್ಲರ ಗುರಿಯೂ ಅಷ್ಟೇ ದೂರದಲ್ಲಿ, ಅಲ್ಲಾಡದೆ ಇರುತ್ತದೆ. ಸಮುದ್ರ ಹಾಗಲ್ಲ.

ಹಳೆಯ ನಿಯಮ ಬದಲಿಸಬೇಕು ಅಂದವರ ಮಾತಿನಲ್ಲೂ ಹುರುಳಿದೆ. 2012 ಮತ್ತು 2016ರಲ್ಲಿ ಗಂಡಸರ ವಿಭಾಗದಲ್ಲಿ ಡಚ್ ಆಟಗಾರ ಡೋರಿಯನ್ ಫಾನ್ ರೈಸೆಲ್‌ಬರ್ಗ್ ಕೊನೆಯ ರೇಸ್‌ಗೂ ಮೊದಲೇ ಚಿನ್ನ ಗಟ್ಟಿ ಮಾಡಿಕೊಂಡಿದ್ದರು. ನೋಡುವವರಿಗೆ ಕೊನೆಯ ದಿನ ಏನೂ ಉಳಿದಿರಲಿಲ್ಲ. ಟಿವಿ ಮುಂದೆ ಕೂತವರಿಗೆ ಮೊದಲು ಗುರಿ ಮುಟ್ಟಿದವಳೇ ಗೆದ್ದವಳು ಅಂತ ಥಟ್ಟನೆ ಗೊತ್ತಾಗಬೇಕು. ಒಪ್ಪುತ್ತೇನೆ. ಆದರೆ ನೋಡುವವರ ಅನುಕೂಲಕ್ಕೆ ಆಡುವವರ ವಾರದ ದುಡಿಮೆಯನ್ನು ಅಳಿಸಿಬಿಡೋದು ಯಾವ ನ್ಯಾಯ?

ಒಂದು ವಿಷಯ ನೆನಪಿಸುತ್ತೇನೆ. ಹೆಂಗಸರ ಕ್ರಿಕೆಟ್ ಲೀಗ್ ಡಬ್ಲ್ಯೂಪಿಎಲ್‌ನಲ್ಲೂ ಇದೇ ಪದ್ಧತಿ. ಮೊದಲ ಸ್ಥಾನದ ತಂಡ ನೇರ ಫೈನಲ್‌ಗೆ, ಅಲ್ಲಿ ಒಂದೇ ಪಂದ್ಯ. 2023, 2024, 2025, ಮೂರು ವರ್ಷವೂ ಪಟ್ಟಿಯಲ್ಲಿ ಮೇಲಿದ್ದದ್ದು ಡೆಲ್ಲಿ ಕ್ಯಾಪಿಟಲ್ಸ್. ಮೂರು ಫೈನಲ್ಲೂ ಸೋತರು. 2024ರಲ್ಲಿ ಅವರನ್ನು ಸೋಲಿಸಿದ್ದು ನಮ್ಮ ಆರ್‌ಸಿಬಿ ಹುಡುಗಿಯರು. ಆ ರಾತ್ರಿ ನಾನೂ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ. ಡೆಲ್ಲಿಯ ಆಗಿನ ಕ್ಯಾಪ್ಟನ್ ಮೆಗ್ ಲ್ಯಾನಿಂಗ್ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ. ಎಮ್ಮಾ ಸೋತಾಗ ಅವರ ನೆನಪಾಯಿತು.

ಮಾರ್ತಾ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಾರ್ಡಿನಿಯಾ ದ್ವೀಪದ ಹುಡುಗಿ. ಟೋಕಿಯೋದಲ್ಲಿ ನಾಲ್ಕನೆಯವಳಾಗಿ ಬರಿಗೈಯಲ್ಲಿ ಹೋಗಿದ್ದಳು, 2022ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದಳು. ಸೆಮಿಫೈನಲ್ ದಾಟಿ ಬಂದು, ಆ ದಿನ ಚೆನ್ನಾಗಿ ಆಡಿ ಗೆದ್ದಳು. ಆ ಪದಕ ಅವಳದೇ.

ನನ್ನ ತಕರಾರು ನಿಯಮದ ಮೇಲೆ. ಇದಕ್ಕಿಂತ ಒಳ್ಳೆಯ ನಿಯಮ ಅದೇ ಮಾರ್ಸೇಯಲ್ಲಿ, ಮರುವಾರವೇ ಕಣ್ಣೆದುರು ಇತ್ತು. ಬೋರ್ಡ್ ಮೇಲೆ ನಿಂತು ಗಾಳಿಪಟ ಹಿಡಿದು ಓಡುವ ಕೈಟ್ ಸ್ಪರ್ಧೆಯಲ್ಲಿ ಚಿನ್ನಕ್ಕೆ ಮೂರು ಗೆಲುವು ಬೇಕಿತ್ತು. ಆದರೆ ಪಟ್ಟಿಯಲ್ಲಿ ಮೊದಲಿದ್ದವಳು ಎರಡು ಗೆಲುವು ಕೈಯಲ್ಲಿಟ್ಟುಕೊಂಡೇ ಫೈನಲ್‌ಗೆ ಇಳಿಯುತ್ತಿದ್ದಳು, ಎರಡನೆಯವಳು ಒಂದು. ಅಲ್ಲೂ ಮೊದಲಿದ್ದ ಫ್ರಾನ್ಸ್‌ನ ಲೋರಿಯಾನ್ ನೋಲೋ ಸೋತಳು. ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್ ಸತತ ಎರಡು ರೇಸ್ ಗೆದ್ದು ಚಿನ್ನ ತಗೊಂಡಳು. ನೋಡೋಕೂ ಮೈ ಜುಮ್ ಅನ್ನುವ ಹಾಗಿತ್ತು, ಸೋತವಳಿಗೂ ಇನ್ನೊಂದು ಅವಕಾಶ ಸಿಕ್ಕಿತ್ತು. ಟಿವಿಗೂ ಸರಿ, ಆಡುವವರಿಗೂ ಸರಿ. ವಿಂಡ್‌ಸರ್ಫಿಂಗ್‌ಗೂ ಅದನ್ನೇ ತರೋಕೆ ಏನು ಕಷ್ಟ ಇತ್ತು?

ಎಮ್ಮಾಗೆ ಹೀಗಾದದ್ದು ಅದೇ ಮೊದಲಲ್ಲ. ಆ ವರ್ಷದ ಶುರುವಿನಲ್ಲಿ ಲಾನ್ಸರೋಟೆ ದ್ವೀಪದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 60 ಅಂಕದಷ್ಟು ಮುಂದಿದ್ದಳು. ಫೈನಲ್‌ನಲ್ಲಿ ಗೆದ್ದದ್ದು ಕಾಂಟೋರ್. ಮಾರ್ಸೇಯಲ್ಲಿ ನೀರಿನಿಂದ ಮೇಲೆ ಬಂದ ಎಮ್ಮಾ ಕಣ್ಣೀರು ತುಂಬಿಕೊಂಡು, ಪ್ರತಿ ಸಲ ಮನಸ್ಸನ್ನು ಇಂಥ ಪರಿಸ್ಥಿತಿಗೆ ದೂಡೋಕೆ ಇನ್ನು ಆಗಲ್ಲ, ಈ ಆಟ ಸಾಕು ಅನ್ನುವ ಅರ್ಥದಲ್ಲಿ ಮಾತಾಡಿದಳು. ಆಗ ಅವಳಿಗೆ ಬರೀ 25 ವರ್ಷ. ಒಂದು ವಾರ ಜಗತ್ತಿನ ಎಲ್ಲರಿಗಿಂತ ಚೆನ್ನಾಗಿ ಆಡಿದ ಹುಡುಗಿ, ಆ ವಾರದ ಕೊನೆಗೆ ಆಡೋದೇ ಬೇಡ ಅನ್ನುತ್ತಾಳೆ. ನನಗೆ ಆ ಸಂಜೆ ಊಟ ಸೇರಲಿಲ್ಲ.

ಎಮ್ಮಾಳ ಅಮ್ಮ ಪೆನಿ ವೇ ಕೂಡ ಒಲಿಂಪಿಕ್ಸ್ ವಿಂಡ್‌ಸರ್ಫರ್. 1984, 1988ರಲ್ಲಿ ಈ ಆಟ ಇದ್ದರೂ ಹೆಂಗಸರಿಗೆ ಅಂತ ಬೇರೆ ಸ್ಪರ್ಧೆ ಇರಲಿಲ್ಲ. ಅದು ಬಂದದ್ದು 1992ರ ಬಾರ್ಸಿಲೋನಾದಲ್ಲಿ. ನ್ಯೂಜಿಲೆಂಡಿನ ಬಾರ್ಬರಾ ಕೆಂಡಲ್ ಗೆದ್ದ ಆ ಮೊದಲ ಸ್ಪರ್ಧೆಯಲ್ಲಿ ಪೆನಿ ಇದ್ದಳು, 1996ರಲ್ಲೂ ಇದ್ದಳು. 1996ರಲ್ಲಿ ಹಾಂಗ್‌ಕಾಂಗ್‌ಗೆ ಮೊಟ್ಟಮೊದಲ ಒಲಿಂಪಿಕ್ಸ್ ಚಿನ್ನ ತಂದದ್ದು ಚಿಯುಂಗ್ ಚಾವ್ ಎಂಬ ಪುಟ್ಟ ದ್ವೀಪದ ಲೀ ಲೈ ಶಾನ್, ಇದೇ ಆಟದಲ್ಲಿ. ಆಗೆಲ್ಲ ರೇಸ್‌ಗಳ ಅಂಕ ಕೂಡಿಯೇ ಗೆದ್ದವರು ಯಾರು ಅಂತ ಹೇಳುತ್ತಿದ್ದರು.

ಇದನ್ನೆಲ್ಲ ಅಮ್ಮನಿಗೆ ಹೇಳಿದ್ದೆ. ಮರೆತಿರಬೇಕು ಅಂದುಕೊಂಡಿದ್ದೆ. ಮರುವರ್ಷ ಒಂದು ದಿನ ಫೋನ್ ಮಾಡಿ, ಮೀನಿನ ರೇಟು, ಮಳೆ ಎಲ್ಲ ಹೇಳಿ ಮುಗಿಸಿ, "ಆ ಹುಡ್ಗಿ ಮತ್ತೆ ನೀರಿಗೆ ಇಳಿದ್ಲಾ?" ಅಂತ ಕೇಳಿದಳು.

ಇಳಿದಿದ್ದಾಳೆ ಅಮ್ಮಾ ಅಂದೆ. "ಹ್ಞಾಂ, ಹಂಗೇ ಆಗ್ಬೇಕು" ಅಂದಳು.