ಸೌಂದರ್ಯ ಅಂತರಂಗದ್ದು, ಆರತಿ ತಟ್ಟೆ ಬೆಳ್ಳಗಿನವರದ್ದು

ನಮ್ಮ ಕಡೆಯ ಪ್ರೌಢಶಾಲೆಯೊಂದರಲ್ಲಿ ಮೊನ್ನೆ ಹದಿಹರೆಯದ ಹೆಣ್ಣುಮಕ್ಕಳಿಗೆ ಆತ್ಮವಿಶ್ವಾಸ ತುಂಬುವ ಕಾರ್ಯಕ್ರಮ ನಡೆಯಿತು. ಹನ್ನೊಂದು ಗಂಟೆಗೆ ಆರಂಭಿಸಿ ಊಟದ ಬೆಲ್ ಹೊಡೆಯುವುದರೊಳಗೆ ತುಂಬಿ ಮುಗಿಸಬೇಕಾಗಿದ್ದರಿಂದ ಸಿದ್ಧತೆ ಜೋರಾಗಿಯೇ ಇತ್ತು. ಅತಿಥಿಗಳಿಗೆ ಆರತಿ ಎತ್ತಲು, ಪೂರ್ಣಕುಂಭ ಹಿಡಿಯಲು ‘ಲಕ್ಷಣವಾಗಿರುವ’ ಎಂಟು ಹುಡುಗಿಯರನ್ನು ಹಿಂದಿನ ದಿನವೇ ಆರಿಸಲಾಗಿತ್ತು. ಲಕ್ಷಣವೆಂದರೆ ಬಿಳಿ ಚರ್ಮ ಮತ್ತು ಸಣ್ಣ ಸೊಂಟ ಎಂಬ ಅರ್ಥ ಯಾವ ನಿಘಂಟಿನಲ್ಲಿದೆಯೋ ನಾನರಿಯೆ; ಆರಿಸಿದ ಮೇಡಂ ಅವರಿಗೆ ಮಾತ್ರ ಅದರಲ್ಲಿ ಎಳ್ಳಷ್ಟೂ ಗೊಂದಲವಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಅಣ್ಣನ ಮಗಳು ಎಣ್ಣೆಗಪ್ಪು ಬಣ್ಣದ, ಮೈಕೈ ತುಂಬಿಕೊಂಡ ಹುಡುಗಿಯಾದ್ದರಿಂದ ಅವಳ ಪಾಲಿಗೆ ಕುರ್ಚಿ ಜೋಡಿಸುವ ಕೆಲಸ ಬಂತು. ಅತಿಥಿಗಳು ಹಣೆಯ ಕುಂಕುಮ ಒರೆಸಿಕೊಂಡು, ನಿಜವಾದ ಸೌಂದರ್ಯ ಅಂತರಂಗದಲ್ಲಿದೆ ಎಂದು ನಲವತ್ತು ನಿಮಿಷ ಮಾತನಾಡಿದರು.

ಹಾಗೆಂದು ದೇಶ ಸುಮ್ಮನೆ ಕುಳಿತಿದೆ ಎನ್ನಲಾಗದು. ಕಪ್ಪು ಮೈಬಣ್ಣದವರನ್ನು ಜೋಲು ಮೋರೆಯವರಂತೆ, ನೌಕರಿಯೂ ಮದುವೆಯೂ ದಕ್ಕದವರಂತೆ ಜಾಹೀರಾತುಗಳಲ್ಲಿ ತೋರಿಸಕೂಡದೆಂದು ಜಾಹೀರಾತು ಮಾನದಂಡ ಮಂಡಳಿಯು 2014ರಲ್ಲಿಯೇ ಮಾರ್ಗಸೂಚಿ ಹೊರಡಿಸಿತು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿಗೆ, ‘ಫೇರ್’ ಎಂಬ ಪದದಲ್ಲಿ ಏನೋ ಅನ್ಯಾಯವಿದೆಯೆಂದು ಹೊಳೆಯಲು ನಲವತ್ತೈದು ವರ್ಷ ಬೇಕಾಯಿತು. 2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಪ್ರಾಣ ಬಿಟ್ಟು, ಜಗತ್ತೆಲ್ಲ ಬೀದಿಗಿಳಿದ ಮೇಲೆ, ಜುಲೈ ಹೊತ್ತಿಗೆ ನಮ್ಮೂರ ಕಿರಾಣಿ ಅಂಗಡಿಯ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ನಮ್ಮ ಹುಡುಗಿಯರು ಅಷ್ಟು ವರ್ಷ ಕನ್ನಡಿಯ ಮುಂದೆ ಅತ್ತದ್ದು ಯಾರಿಗೂ ಕೇಳಿಸಿರಲಿಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ಕಟ್ಟಿದವರು ಈ ಮಾರುಕಟ್ಟೆಯನ್ನು ಕಂಡೇ ಕಟ್ಟಿದರೇನೋ. ಈಗ ಯಾರೂ ಬೆಳ್ಳಗಾಗಬೇಕಿಲ್ಲ, ಕೇವಲ ‘ಹೊಳೆದರೆ’ ಸಾಕು. ಹೊಳಪು ಯಾವ ಬಣ್ಣದ್ದೆಂದು ಕೇಳುವುದು ಅಸಭ್ಯತನ.

ಕಾರ್ಯಕ್ರಮಕ್ಕೆ ಒಂದು ತಿಂಗಳ ಮೊದಲು ಇದೇ ಮಕ್ಕಳು ಬೇಲೂರಿಗೆ ಪ್ರವಾಸ ಹೋಗಿ ಬಂದಿದ್ದರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ದರ್ಪಣಸುಂದರಿ ಎಂಬಾಕೆ ಕೈಯಲ್ಲಿ ಕನ್ನಡಿ ಹಿಡಿದು, ಸೊಂಟ ಬಳುಕಿಸಿ, ತನ್ನನ್ನು ತಾನೇ ನೋಡಿಕೊಳ್ಳುತ್ತ ನಿಂತಿದ್ದಾಳೆ. ತುಂಬಿದ ತೊಡೆ, ದುಂಡು ತೋಳು, ಕಲ್ಲಿನದೇ ಕಪ್ಪು ಬಣ್ಣ. ಇಷ್ಟಾದರೂ ಕನ್ನಡಿಯ ಬಗ್ಗೆ ಆಕೆಗೆ ಒಂಬೈನೂರು ವರ್ಷಗಳಿಂದ ಯಾವ ತಕರಾರೂ ಇದ್ದಂತಿಲ್ಲ. ಕನ್ನಡ ನಾಡಿನ ಸೌಂದರ್ಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಮೇಡಂ ಆಕೆಯತ್ತ ಕೈ ತೋರಿಸಿ ಗದ್ಗದಿತರಾದರಂತೆ. ಅರ್ಧ ಗಂಟೆಯ ನಂತರ ಊಟದ ಸಾಲಿನಲ್ಲಿ ಅದೇ ಮೇಡಂ ನಮ್ಮ ಹುಡುಗಿಯ ತಟ್ಟೆಯಿಂದ ಮೂರನೆಯ ಪೂರಿಯನ್ನು ತೆಗೆದು ಪಾತ್ರೆಗೆ ಹಾಕಿ, “ನಿನಗೆ ಎರಡು ಸಾಕಲ್ಲವೇನೇ?” ಎಂದರಂತೆ. ದರ್ಪಣಸುಂದರಿಯೇ ಗೋಡೆಯಿಂದಿಳಿದು ಒಂಬತ್ತನೆಯ ತರಗತಿಗೆ ಸೇರಿದ್ದರೂ ಕುರ್ಚಿ ಜೋಡಿಸುವ ತಂಡಕ್ಕೇ ಹೋಗುತ್ತಿದ್ದಳೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಸಮಾರೋಪದಲ್ಲಿ ಪ್ರತಿ ಹುಡುಗಿಗೂ ಒಂದೊಂದು ಕೈಚೀಲ ಕೊಡಲಾಯಿತು. ಅದರೊಳಗೆ ‘ನೀನು ಇದ್ದಂತೆಯೇ ಚೆಂದ’ ಎಂದು ಮುದ್ರಿಸಿದ ಒಂದು ಕಾರ್ಡು, ಮತ್ತು ಪ್ರಾಯೋಜಕರ ಕಡೆಯಿಂದ, ಎರಡೇ ವಾರಗಳಲ್ಲಿ ಇದ್ದಂತೆ ಇರದ ಹಾಗೆ ಮಾಡುವ ಭರವಸೆಯುಳ್ಳ ಒಂದು ಟ್ಯೂಬು ಇದ್ದವು.

ಶನಿವಾರ ಬೆಳಿಗ್ಗೆ ಅಣ್ಣನ ಮನೆಗೆ ಹೋದಾಗ ಹುಡುಗಿ ಜಗುಲಿಯ ಮೇಲೆ ಕುಳಿತು, ಆ ಟ್ಯೂಬನ್ನು ಪೂರ್ತಿ ಹಿಂಡಿ, ಬಿಳಿ ಯೂನಿಫಾರ್ಮಿನ ಜೊತೆ ಹಾಕುವ ಕ್ಯಾನ್‌ವಾಸ್ ಶೂಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಶ್ರದ್ಧೆಯಾಗಿ ಬಳಿಯುತ್ತಿದ್ದಳು. ನನ್ನನ್ನು ಕಂಡು ಒಂದು ಶೂ ಎತ್ತಿ ಬೆಳಕಿಗೆ ಹಿಡಿದಳು.

“ನೋಡು ಚಿಕ್ಕಪ್ಪ, ಸೀಮೆಸುಣ್ಣವೇ ವಾಸಿ.”